ಶಾನ್‌ಹುವಾದ ಹಸಿರು ಕಾಯಿ

ತೈಪೆಯಿಂದ ತೆಂಕಣಕ್ಕೆ ಓಡುವ ಅತಿವೇಗದ ರೈಲು ಗಂಟೆಗೆ 300 ಕಿಲೋಮೀಟರ್ ವೇಗ ಹಿಡಿದಾಗ ಕಿಟಕಿಯಾಚೆಯ ಗದ್ದೆಗಳು ಹಸಿರು ಗೀಟುಗಳಾಗಿ ಹೋಗಿಬಿಡುತ್ತವೆ. ಚಿಯಾಯಿ ದಾಟುವ ಹೊತ್ತಿಗೆ ಕರ್ಕಾಟಕ ಸಂಕ್ರಾಂತಿ ವೃತ್ತ ಹಿಂದೆ ಸರಿದಿರುತ್ತದೆ. ಅಲ್ಲಿಂದ ಮುಂದೆ ನೆಲದ ಬಣ್ಣವೇ ಬೇರೆ. ಬಾಳೆ ಬಂತು, ಮಾವು ಬಂತು, ನಾನು ಎಣಿಸಿಯೇ ಇರದ ಅಡಿಕೆ ತೋಟವೂ ಬಂತು! ತೆಳ್ಳಗೆ ನೆಟ್ಟಗೆ ನಿಂತ ಆ ಮರಗಳನ್ನು ಕಂಡಾಗ ಪಶ್ಚಿಮ ಶಾಂತಸಾಗರದ ತೈವಾನ್ ದ್ವೀಪದಲ್ಲಿದ್ದೇನೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು. ಪೂರ್ವಕ್ಕೆ ಬೆಟ್ಟಸಾಲು, ಪಶ್ಚಿಮಕ್ಕೆ ಕಡಲು, ನಡುವೆ ಚಿಯಾನಾನ್ ಬಯಲು. ಜಪಾನೀ ಎಂಜಿನಿಯರ್ ಯೊಯಿಚಿ ಹತ್ತಾ ಕಟ್ಟಿಸಿದ ವುಶಾನ್‌ತೌ ಜಲಾಶಯ 1930ರಲ್ಲಿ ಮುಗಿದ ಮೇಲೆ ಈ ಬಯಲಿನ ಬಾಳು ಬದಲಾಯಿತು. ಕಾವೇರಿಗೆ ಅಡ್ಡಲಾಗಿ ನಮ್ಮ ಕನ್ನಂಬಾಡಿ ಕಟ್ಟೆ ಏಳುತ್ತಿದ್ದ ವರ್ಷಗಳೂ ಅವೇ.

ತೈನಾನಿನಲ್ಲಿ ಇಳಿದು, ನಿಧಾನವಾಗಿ ಹೋಗುವ ಊರಿನ ರೈಲು ಹಿಡಿದು ಶಾನ್‌ಹುವಾ ತಲುಪಿದೆ. ಜಗತ್ತಿನ ಮೊಬೈಲು, ಕಂಪ್ಯೂಟರುಗಳ ಮೆದುಳಾದ ಚಿಪ್ಪುಗಳನ್ನು ಮಾಡುವ ದೈತ್ಯ ಕಾರ್ಖಾನೆಗಳು ಈ ಪಟ್ಟಣದ ಪಕ್ಕದಲ್ಲೇ ಇವೆ. ಬಿಳಿ ಗೋಡೆಯ, ಕಿಟಕಿ ಕಡಿಮೆಯ ಆ ಕಟ್ಟಡಗಳು ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿವೆ. ನಾನು ಬಂದದ್ದು ಅವುಗಳ ನೆರೆಯಲ್ಲಿ ಸದ್ದಿಲ್ಲದೆ ಅರ್ಧ ಶತಮಾನ ದಾಟಿದ ಇನ್ನೊಂದು ಜಾಗಕ್ಕೆ. 1971ರಲ್ಲಿ ಏಷ್ಯಾದ ತರಕಾರಿಗಳಿಗಾಗಿಯೇ ಹುಟ್ಟಿದ ಸಂಶೋಧನಾ ಕೇಂದ್ರ ಅದು. ಈಗ ಅದರ ಹೆಸರು ವಿಶ್ವ ತರಕಾರಿ ಕೇಂದ್ರ. ಟೊಮ್ಯಾಟೊ, ಮೆಣಸಿನಕಾಯಿ, ಹೆಸರು, ಹಾಗಲ ಎಲ್ಲಕ್ಕೂ ಅಲ್ಲಿ ಹೊಲಗಳಿವೆ. ನನ್ನ ಕಣ್ಣು ಮಾತ್ರ ಒಂದೇ ಬೆಳೆಯನ್ನು ಹುಡುಕುತ್ತಿತ್ತು: ಹಸಿಯಾಗಿರುವಾಗಲೇ ಕಿತ್ತು, ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಿಸಿ, ಕಾಳು ಬಿಡಿಸಿ ತಿನ್ನುವ ತರಕಾರಿ ಸೋಯಾ. ಜಪಾನೀಯರು ಇದನ್ನು ಎಡಮಾಮೆ ಎನ್ನುತ್ತಾರೆ, ತೈವಾನಿನವರು ಮಾವ್‌ದೌ ಎನ್ನುತ್ತಾರೆ.

ಉತ್ತರ ಕರ್ನಾಟಕದಲ್ಲಿ ಬೆಳೆಯುವ ಸೋಯಾ ಅವರೆಯೂ ಇದೂ ಒಂದೇ ಜಾತಿ. ಅಲ್ಲಿ ಗಿಡ ಒಣಗಿ, ಎಲೆ ಉದುರಿ, ಕಾಳು ಗಟ್ಟಿಯಾದ ಮೇಲೆ ಕೊಯ್ದು ಎಣ್ಣೆ ಗಿರಣಿಗೆ ಕಳಿಸುತ್ತಾರೆ. ಇಲ್ಲಿ ಕಾಯಿಯ ಹೊಟ್ಟೆ ತುಂಬಿ, ಹಸಿರು ಇನ್ನೂ ಮಾಸದಿರುವ ಕೆಲವೇ ದಿನಗಳಲ್ಲಿ ಕೊಯ್ಯಬೇಕು. ಕಾಳಿನಲ್ಲಿ ಸಕ್ಕರೆ ಅತಿ ಹೆಚ್ಚಿರುವುದು ಆಗಲೇ. ನಾಲ್ಕು ದಿನ ತಡವಾದರೆ ಸಕ್ಕರೆ ಇಳಿಯುತ್ತದೆ, ಕಾಯಿ ಹಳದಿಗೆ ತಿರುಗುತ್ತದೆ. ಇಷ್ಟು ಚಿಕ್ಕ ಅವಧಿಗಾಗಿ ಇಡೀ ಗಿಡವನ್ನೇ, ಅದರ ಎತ್ತರ, ಎಲೆ, ರೋಮ, ಹೂವು, ಕಾಯಿಗಳನ್ನೆಲ್ಲ, ಪೀಳಿಗೆ ಪೀಳಿಗೆಯಾಗಿ ತಿದ್ದಿದವರ ಕೆಲಸವನ್ನು ನೋಡಲು ನಾನು ಹೋಗಿದ್ದೆ.

ಮೊದಲು ತೋರಿಸಿದ್ದು ಬೀಜಗಳ ಭಂಡಾರ. 60 ಸಾವಿರಕ್ಕೂ ಹೆಚ್ಚು ಬಗೆಯ ತರಕಾರಿ ಬೀಜಗಳು ತಂಪು ಕೋಣೆಗಳಲ್ಲಿ, ಗಾಳಿಯಾಡದ ಪೊಟ್ಟಣಗಳಲ್ಲಿ ಕಾಯುತ್ತಿವೆ. ಅವುಗಳಲ್ಲಿ ಸೋಯಾದ್ದೇ ದೊಡ್ಡ ಪಾಲು. ಮಾರ್ಗದರ್ಶಿಯಾಗಿ ಬಂದ ತಳಿ ವಿಜ್ಞಾನಿ ಒಂದು ಬಿಳಿ ತಟ್ಟೆಯಲ್ಲಿ ಮೂರು ಗುಂಪು ಕಾಳು ಹರಡಿದರು. ಮೊದಲನೆಯದು ಕಾಡು ಸೋಯಾ: ಕಪ್ಪಗೆ, ಎಷ್ಟು ಸಣ್ಣದೆಂದರೆ ನೂರು ಕಾಳು ಸೇರಿದರೂ ಒಂದೆರಡು ಗ್ರಾಂ. ಎರಡನೆಯದು ಎಣ್ಣೆಗೆಂದು ಬೆಳೆಯುವ ಸೋಯಾ, ನೂರು ಕಾಳಿಗೆ 10ರಿಂದ 20 ಗ್ರಾಂ. ಮೂರನೆಯದು ತರಕಾರಿ ಸೋಯಾ, ನೂರಕ್ಕೆ 30 ಗ್ರಾಂ ಮೀರುತ್ತದೆ. ಚೀನಾ, ಕೊರಿಯಾ, ಜಪಾನುಗಳ ಕಾಡಂಚಿನಲ್ಲಿ ಹಬ್ಬುವ ಆ ಬಳ್ಳಿಯಿಂದ ಈ ಗುಂಡು ಕಾಳಿನವರೆಗಿನ ದಾರಿಯನ್ನು ನಡೆದವರು ಹೆಸರಿಲ್ಲದ ರೈತರು. ಹೆಚ್ಚು ದಪ್ಪನೆಯ ಕಾಳನ್ನು ಬೀಜಕ್ಕೆ ಎತ್ತಿಟ್ಟ ಹೆಂಗಸರು, ಗಂಡಸರು, ಸಾವಿರಾರು ವರ್ಷ. ನಾನು ಆ ತಟ್ಟೆಯನ್ನು ಹಾಗೆಯೇ ನೋಡುತ್ತ ನಿಂತುಬಿಟ್ಟೆ. ವಿಜ್ಞಾನಿಯೂ ಅವಸರ ಮಾಡಲಿಲ್ಲ.

ಅಲ್ಲಿಂದ ಬಲೆಮನೆಗೆ. ಬೆಳಗಿನ ಹೊತ್ತು, ಸೆಕೆ ಆಗಲೇ ಏರುತ್ತಿತ್ತು. ಸೋಯಾ ಹೂವನ್ನು ನೀವು ನೋಡಿದ್ದೀರೋ ಇಲ್ಲವೋ, ಹೊಲದಲ್ಲಿ ನಡೆದುಹೋಗುವವರ ಕಣ್ಣಿಗೆ ಅದು ಬೀಳುವುದೇ ಕಷ್ಟ. ಎಲೆಗಳ ಕಂಕುಳಲ್ಲಿ ಅಡಗಿರುವ, ಅರ್ಧ ಸೆಂಟಿಮೀಟರಿಗಿಂತ ತುಸು ದೊಡ್ಡದಾದ ಹೂವು. ಅದು ಅರಳುವ ಮುಂಚೆಯೇ ತನ್ನ ಪರಾಗವನ್ನು ತನ್ನ ಶಲಾಕೆಗೇ ಮುಟ್ಟಿಸಿಕೊಂಡಿರುತ್ತದೆ. ಜೇನ್ನೊಣ ಬಂದರೂ ಸಾಮಾನ್ಯವಾಗಿ ಕೆಲಸ ಮುಗಿದಿರುತ್ತದೆ. ಹೊರಗಿನ ಪರಾಗದಿಂದ ಕಟ್ಟುವ ಕಾಳು ನೂರಕ್ಕೆ ಒಂದಕ್ಕಿಂತ ಕಡಿಮೆ. ಹೀಗಾಗಿ ಸೋಯಾ ತಳಿಗಳು ಶತಮಾನಗಳ ಕಾಲ ಬೆರೆಯದೆ ಉಳಿದವು. ಹಾಗಾಗಿಯೇ ಎರಡು ತಳಿಗಳನ್ನು ಕೂಡಿಸಬೇಕೆಂದರೆ ಮನುಷ್ಯನೇ ಜೇನ್ನೊಣಕ್ಕಿಂತ ಮೊದಲು ಎದ್ದು ಬರಬೇಕು.

ಸಂಕರಣ ಮಾಡುವ ಕೆಲಸದಾಕೆ ಒಂದು ಮಣೆಯ ಮೇಲೆ ಕೂತಿದ್ದರು. ಕೈಯಲ್ಲಿ ಮೊನಚಾದ ಚಿಮುಟ, ಹಣೆಗೆ ಕಟ್ಟಿದ ಭೂತಗನ್ನಡಿ. ಮರುದಿನ ಅರಳಲಿರುವ, ದಳದ ತುದಿ ಈಗಷ್ಟೇ ಇಣುಕಿದ ಮೊಗ್ಗನ್ನು ಅವರು ಆರಿಸಿದರು. ಪಕ್ಕದ ಮೊಗ್ಗುಗಳನ್ನೆಲ್ಲ ಚಿವುಟಿ ತೆಗೆದರು. ಹಸಿರು ಪುಷ್ಪಪಾತ್ರೆಯ ಎಸಳುಗಳನ್ನು ಒಂದೊಂದಾಗಿ ಬಿಡಿಸಿ, ದಳಗಳನ್ನು ಒಟ್ಟಾಗಿ ಹಿಡಿದು ಮೆಲ್ಲಗೆ ಎಳೆದರು. ಒಳಗೆ ಹತ್ತು ಕೇಸರಗಳು, ನಡುವೆ ಕೂದಲೆಳೆಯಂಥ ಶಲಾಕೆ. ಕೇಸರಗಳನ್ನು ತೆಗೆದು, ತಂದೆಯಾಗಬೇಕಾದ ಗಿಡದಿಂದ ತಂದ ಅರಳಿದ ಹೂವಿನ ಪರಾಗವನ್ನು ಶಲಾಕೆಯ ತುದಿಗೆ ಸವರಿದರು. ಎಲ್ಲ ಮುಗಿಯಲು ಒಂದೆರಡು ನಿಮಿಷ. ಕೊನೆಗೆ ದಾರ ಕಟ್ಟಿ, ಚೀಟಿಯಲ್ಲಿ ತಾಯಿ, ತಂದೆ, ದಿನಾಂಕ ಬರೆದರು. ಉಸಿರು ಬಿಗಿಹಿಡಿದಿದ್ದೇನೆಂದು ನನಗೆ ಗೊತ್ತಾದದ್ದು ಆ ಚೀಟಿ ತೂಗಾಡಿದ ಮೇಲೆಯೇ. ಇಷ್ಟೆಲ್ಲ ಮಾಡಿದರೂ ಬಹಳಷ್ಟು ಹೂಗಳು ಉದುರಿಹೋಗುತ್ತವೆ. ಕಚ್ಚಿದ್ದರಲ್ಲಿ ಸಿಗುವುದು ಒಂದು ಕಾಯಿ, ಒಂದೆರಡು ಕಾಳು.

ಆ ಕಾಳು ನಿಜವಾಗಿ ಸಂಕರವೋ, ಅಥವಾ ಚಿಮುಟದ ಕಣ್ಣು ತಪ್ಪಿಸಿ ತಾಯಿಯೇ ತನ್ನ ಪರಾಗದಿಂದ ಕಟ್ಟಿದ್ದೋ? ಇದಕ್ಕೆ ಉತ್ತರ ಹೇಳುವ ರೀತಿ ನನ್ನನ್ನು ಬೆರಗಾಗಿಸಿತು. ಸೋಯಾದಲ್ಲಿ ನೇರಳೆ ಹೂವು ಪ್ರಬಲ ಗುಣ, ಬಿಳಿ ಹೂವು ದುರ್ಬಲ. ಬಿಳಿ ಹೂವಿನ ಗಿಡವನ್ನು ತಾಯಿಯಾಗಿಯೂ ನೇರಳೆ ಹೂವಿನದನ್ನು ತಂದೆಯಾಗಿಯೂ ಆರಿಸಿಕೊಂಡರೆ, ಹೂ ಬಿಡುವವರೆಗೆ ಕಾಯಬೇಕಾಗಿಯೇ ಇಲ್ಲ. ನೇರಳೆ ಹೂವಿನ ವಂಶವಾಹಿ ಇರುವ ಸಸಿಯ ಎಳೆಯ ಕಾಂಡವೂ ನೇರಳೆಯಾಗಿರುತ್ತದೆ. ಬಿತ್ತಿದ ವಾರದೊಳಗೆ, ಮಣ್ಣಿನಿಂದ ತಲೆಯೆತ್ತಿದ ಮೊಳಕೆಯ ಕುತ್ತಿಗೆ ನೇರಳೆಯಾಗಿದ್ದರೆ ಅದು ಸಂಕರ. ಹಸಿರಾಗಿದ್ದರೆ ಕಿತ್ತು ಬಿಸಾಡಬೇಕು. ಕುಂಡದಲ್ಲಿ ಅಂಥದ್ದೊಂದು ಮೊಳಕೆಯನ್ನು ತೋರಿಸಿದರು. ಎರಡು ಬೀಜದೆಲೆ, ಕೆಳಗೆ ಮಾಸಲು ನೇರಳೆ ದಂಟು. ತಂದೆ ಯಾರೆಂಬುದನ್ನು ಆ ಗಿಡ ಹುಟ್ಟಿದ ವಾರಕ್ಕೇ ಹೇಳಿಬಿಟ್ಟಿತ್ತು.

ಹೊರಗೆ ಹೊಲದಲ್ಲಿ ಎರಡನೆಯ ಪೀಳಿಗೆ ಇತ್ತು. ತಳಿ ಅಭಿವೃದ್ಧಿಯ ಮಾತನ್ನು ಪುಸ್ತಕದಲ್ಲಿ ಎಷ್ಟೇ ಓದಿದ್ದರೂ ಆ ಸಾಲುಗಳ ನಡುವೆ ನಡೆಯದೆ ಅದು ಮನಸ್ಸಿಗೆ ಇಳಿಯುವುದಿಲ್ಲ ಎಂದು ನನಗನ್ನಿಸಿತು. ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ರೂಪ. ಅವುಗಳ ಮಕ್ಕಳಲ್ಲಿ ಅಜ್ಜ ಅಜ್ಜಿಯರ ಗುಣಗಳು ಚೆಲ್ಲಾಪಿಲ್ಲಿಯಾಗಿ ಹೊರಬರುತ್ತವೆ. ಒಂದು ಕುಳ್ಳ, ಪಕ್ಕದ್ದು ಎದೆಯುದ್ದ. ಮೂರು ನೇರಳೆ ಹೂವಿಗೆ ಒಂದು ಬಿಳಿ. ಒಂದರ ಕಾಯಿ ಮೇಲೆ ಕಂದು ರೋಮ, ಇನ್ನೊಂದರ ಮೇಲೆ ಬೂದು. ಈ ಬೂದು ರೋಮಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದೆ, ಏಕೆಂದರೆ ಕಂದು ರೋಮದ ಕಾಯಿ ಬೇಯಿಸಿದಾಗ ಕೊಳೆಯಾದಂತೆ ಕಾಣುತ್ತದೆ. ಬೂದು ದುರ್ಬಲ ಗುಣವಾದ್ದರಿಂದ ಒಮ್ಮೆ ಕಾಣಿಸಿಕೊಂಡಿತೆಂದರೆ ಆ ಗಿಡದ ಸಂತಾನವೆಲ್ಲ ಬೂದೇ. ಇಂಥ ಕಡೆ ತಳಿ ವಿಜ್ಞಾನಿಗೆ ನಿಶ್ಚಿಂತೆ.

ಎಲೆಯ ವಿಷಯ ಇನ್ನೂ ಸೋಜಿಗ. ಕೆಲವು ಗಿಡಗಳ ಎಲೆ ಅಗಲವಾಗಿ ಮೊಟ್ಟೆಯಾಕಾರ, ಕೆಲವುಗಳದ್ದು ಸಣ್ಣಗೆ ಉದ್ದ. ವಿಜ್ಞಾನಿ ಸಣ್ಣೆಲೆಯ ಗಿಡದ ಮುಂದೆ ನಿಂತು ಅದರ ಕಾಯಿ ಬಿಡಿಸಲು ಹೇಳಿದರು. ಬಿಡಿಸಿದೆ. ನಾಲ್ಕು ಕಾಳು! ಅಗಲ ಎಲೆಯದರಲ್ಲಿ ಎರಡು, ಮೂರು. ಎಲೆಯ ಆಕಾರವನ್ನೂ ಕಾಯಿಯೊಳಗಿನ ಕಾಳಿನ ಸಂಖ್ಯೆಯನ್ನೂ ಒಂದೇ ವಂಶವಾಹಿ ನಿರ್ಧರಿಸುತ್ತದೆ ಎಂಬುದು 2012ರ ಹೊತ್ತಿಗೆ ಅಣುಮಟ್ಟದಲ್ಲಿ ಖಚಿತವಾಯಿತು. ಅಂದರೆ ಹೂವೇ ಬಿಡದ ಗಿಡದ ಎಲೆ ನೋಡಿ ಅದರ ಕಾಯಿಯಲ್ಲಿ ಎಷ್ಟು ಕಾಳಿರಬಹುದೆಂದು ಊಹಿಸಬಹುದು. ಹಾಗಾದರೆ ಸಣ್ಣೆಲೆಯನ್ನೇ ಆರಿಸಿದರೆ ಇಳುವರಿ ಹೆಚ್ಚಲಿಲ್ಲವೇ ಎಂದು ಕೇಳಿದೆ. ಅವರು ನಾಲ್ಕು ಕಾಳನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ಒಂದೊಂದೂ ಸಣ್ಣದು. ಸಂಬಳ ಅಷ್ಟೇ ಇದ್ದು ಮನೆಯಲ್ಲಿ ಉಣ್ಣುವವರು ಹೆಚ್ಚಾದಂತೆ.

ಇಳುವರಿ ಎಂಬ ಗುಣದ ಕಷ್ಟವೆಲ್ಲ ಆ ಅಂಗೈಯ ಮೇಲಿತ್ತು. ಹೂವಿನ ಬಣ್ಣಕ್ಕೆ ಒಂದು ವಂಶವಾಹಿ ಸಾಕು. ಇಳುವರಿಗೆ ಹಾಗೆ ಒಬ್ಬ ಒಡೆಯನಿಲ್ಲ. ಗಿಡಕ್ಕೆ ಎಷ್ಟು ಗೆಣ್ಣು, ಗೆಣ್ಣಿಗೆ ಎಷ್ಟು ಹೂವು, ಹೂವಿನಲ್ಲಿ ಎಷ್ಟು ನಿಂತವು, ಕಾಯಿಗೆ ಎಷ್ಟು ಕಾಳು, ಕಾಳಿಗೆ ಎಷ್ಟು ತೂಕ. ಇವೆಲ್ಲ ಗುಣಿಸಿ ಬರುವ ಲೆಕ್ಕ ಅದು. ಸೋಯಾ ಗಿಡ ಬಿಡುವ ಹೂವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಕೆಲವೊಮ್ಮೆ ಮುಕ್ಕಾಲು ಪಾಲು, ಕಾಯಿಯಾಗದೆ ಉದುರುತ್ತವೆ. ಒಂದನ್ನು ಎಳೆದರೆ ಇನ್ನೊಂದು ಜಗ್ಗುತ್ತದೆ. ಮೇಲಾಗಿ ಮಣ್ಣು, ಮಳೆ, ಬಿಸಿಲು ಪ್ರತಿಯೊಂದೂ ಕೈಯಾಡಿಸುತ್ತದೆ.

ಇಲ್ಲಿಯೇ ಅನುವಂಶೀಯತೆ ಎಂಬ ಅಳತೆ ಬರುತ್ತದೆ. ಗಿಡ ಗಿಡಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ವಂಶದಿಂದ ಬಂದದ್ದು, ಎಷ್ಟು ಪಾಲು ನೆಲ ನೀರಿನಿಂದ ಬಂದದ್ದು ಎಂಬ ಲೆಕ್ಕ. ಕಾಳಿನ ತೂಕ, ಹೂ ಬಿಡುವ ದಿನ, ಗಿಡದ ಎತ್ತರ ಇವುಗಳಲ್ಲಿ ವಂಶದ ಪಾಲು ದೊಡ್ಡದು. ದಪ್ಪ ಕಾಳಿನ ಗಿಡವನ್ನು ಆರಿಸಿದರೆ ಮಕ್ಕಳೂ ಹೆಚ್ಚುಕಡಿಮೆ ದಪ್ಪ ಕಾಳಿನವೇ. ಆದ್ದರಿಂದ ಇವುಗಳನ್ನು ಎರಡನೆಯ, ಮೂರನೆಯ ಪೀಳಿಗೆಯಲ್ಲೇ ಆರಿಸಿಬಿಡುತ್ತಾರೆ. ಇಳುವರಿಯಲ್ಲಿ ವಂಶದ ಪಾಲು ಚಿಕ್ಕದು. ಒಂದು ಗಿಡ ಹೆಚ್ಚು ಕಾಯಿ ಬಿಟ್ಟಿದ್ದರೆ ಅದರ ಬುಡದಲ್ಲಿ ಗೊಬ್ಬರ ಹೆಚ್ಚಿತ್ತೋ ಏನೋ. ಆ ಒಂದು ಗಿಡವನ್ನು ನಂಬಿ ಹೊರಟವರು ಮುಂದಿನ ಸಾಲಿನಲ್ಲಿ ನಿರಾಶರಾಗುತ್ತಾರೆ. ಅದಕ್ಕಾಗಿ ಇಳುವರಿಯ ತೀರ್ಪನ್ನು ಆರನೆಯ, ಏಳನೆಯ ಪೀಳಿಗೆಯವರೆಗೆ ಮುಂದೂಡುತ್ತಾರೆ. ಸ್ವಪರಾಗದಿಂದ ಪ್ರತಿ ಪೀಳಿಗೆಗೂ ಬೆರಕೆ ಅರ್ಧರ್ಧವಾಗಿ ಕರಗುತ್ತ ಹೋಗಿ, ಆರನೆಯ ಪೀಳಿಗೆಗೆ ನೂರಕ್ಕೆ ಮೂರರಷ್ಟು ಮಾತ್ರ ಉಳಿದಿರುತ್ತದೆ. ಆಗ ಒಂದೊಂದು ವಂಶವೂ ನಿಶ್ಚಿತ ರೂಪಕ್ಕೆ ಬಂದಿರುತ್ತದೆ. ಅದನ್ನು ಬೇರೆ ಬೇರೆ ಹೊಲಗಳಲ್ಲಿ, ಬೇರೆ ಬೇರೆ ಋತುಗಳಲ್ಲಿ, ಪ್ರತಿ ಕಡೆ ಹಲವು ತುಂಡುಗಳಲ್ಲಿ ಬಿತ್ತಿ ತೂಗುತ್ತಾರೆ. ನೂರಾರು ವಂಶಗಳಲ್ಲಿ ಕೊನೆಗೆ ಉಳಿಯುವುದು ಒಂದೆರಡು. ಒಂದೂ ಉಳಿಯದ ವರ್ಷಗಳೂ ಇವೆ. ಹೊಲದ ಅಂಚಿನ ಕೊಟ್ಟಿಗೆಯಲ್ಲಿ ಆ ವಂಶಗಳ ದಪ್ಪ ನೋಟುಪುಸ್ತಕಗಳನ್ನು ಕಂಡೆ. ಮಣ್ಣಿನ ಬೆರಳಚ್ಚು ಬಿದ್ದ ಪುಟಗಳು, ಅಂಕಿಗಳ ಮೇಲೆ ಅಂಕಿಗಳು. ಅಷ್ಟು ತಾಳ್ಮೆಯ ಎದುರು ನಾನು ಮನಸ್ಸಿನಲ್ಲೇ ಕೈಮುಗಿದೆ.

ಹಗಲಿನ ಉದ್ದದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಬಿಲಾಕ್ಸಿ ಎಂಬ ಸೋಯಾ ತಳಿಯನ್ನು ವಾರಗಳ ಅಂತರದಲ್ಲಿ ಬಿತ್ತುತ್ತ ಹೋದರು. ಮೊದಲು ಬಿತ್ತಿದ್ದೂ ತಡವಾಗಿ ಬಿತ್ತಿದ್ದೂ ಎಲ್ಲ ಸೆಪ್ಟೆಂಬರಿನ ಹೊತ್ತಿಗೆ ಹೂ ಬಿಟ್ಟವು. ಗಿಡ ಲೆಕ್ಕ ಇಡುತ್ತಿದ್ದುದು ತನ್ನ ವಯಸ್ಸನ್ನಲ್ಲ, ಹಗಲು ಕುಗ್ಗುವುದನ್ನು. 1920ರಲ್ಲಿ ಅವರು ಪ್ರಕಟಿಸಿದ ಈ ಸಂಗತಿ ಸಸ್ಯವಿಜ್ಞಾನದ ಒಂದು ದೊಡ್ಡ ಬಾಗಿಲನ್ನೇ ತೆರೆಯಿತು. ಜಪಾನಿನ ದೀರ್ಘ ಹಗಲಿಗೆ ಒಗ್ಗಿದ ಸೋಯಾವನ್ನು ತಂದು ಉಷ್ಣವಲಯದಲ್ಲಿ ಬಿತ್ತಿದರೆ ಅದು ಹಗಲು ಕುಗ್ಗಿತೆಂದು ಭಾವಿಸಿ ಗೇಣುದ್ದ ಬೆಳೆಯುವಷ್ಟರಲ್ಲೇ ಹೂ ಬಿಟ್ಟು ಮುಗಿಸುತ್ತದೆ. ಶಾನ್‌ಹುವಾದ ವಿಜ್ಞಾನಿಗಳು ವಸಂತ, ಬೇಸಿಗೆ, ಶರತ್ತು ಮೂರೂ ಕಾಲದಲ್ಲಿ ಒಂದೇ ವಂಶವನ್ನು ಬಿತ್ತಿ, ಮೂರರಲ್ಲೂ ಎದೆಗುಂದದೆ ನಿಂತವುಗಳನ್ನು ಹುಡುಕಿದರು. ಇದನ್ನು ಕೇಳುವಾಗ ನನಗೆ ಹೆಬ್ಬಾಳದ ನೆನಪಾಯಿತು. ಚಳಿಗಾಲಕ್ಕೆ ಮಾತ್ರ ಕಾಯಿ ಬಿಡುತ್ತಿದ್ದ ನಮ್ಮ ಅವರೆಯಲ್ಲಿ ಹಗಲಿನ ಉದ್ದಕ್ಕೆ ಮಣಿಯದ ‘ಹೆಬ್ಬಾಳ ಅವರೆ’ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೊರತಂದದ್ದರಿಂದಲೇ ಇವತ್ತು ಸಂತೆಯಲ್ಲಿ ಅವರೆಕಾಯಿ ವರ್ಷದ ಹೆಚ್ಚು ತಿಂಗಳು ಸಿಗುತ್ತದೆ. ಸಾವಿರಾರು ಮೈಲಿ ದೂರದ ಎರಡು ಹೊಲಗಳಲ್ಲಿ ಒಂದೇ ಪ್ರಶ್ನೆಗೆ ಉತ್ತರ ಹುಡುಕಿದ್ದರು.

ಶಾನ್‌ಹುವಾದ ಸೋಯಾ ಕೆಲಸದೊಂದಿಗೆ ಒಬ್ಬ ಭಾರತೀಯನ ಹೆಸರು ಗಟ್ಟಿಯಾಗಿ ಸೇರಿಕೊಂಡಿದೆ: ಎಸ್. ಷಣ್ಮುಗಸುಂದರಂ. ಈ ಕೇಂದ್ರದಲ್ಲಿ ದಶಕಗಳ ಕಾಲ ಸೋಯಾ ತಳಿಗಳ ಮೇಲೆ ದುಡಿದವರು ಅವರು. ಜಪಾನಿನ ‘ತಾಯಿಶೋ ಶಿರೋಗೆ’ ಎಂಬ ಹಳೆಯ ತಳಿಯಿಂದ ಇಲ್ಲಿ ಆಯ್ದು ಶುದ್ಧಮಾಡಿದ ವಂಶಕ್ಕೆ ಎಜಿಎಸ್ 292 ಎಂದು ಹೆಸರಾಯಿತು. 1987ರಲ್ಲಿ ಕಾವ್‌ಸ್ಯುಂಗ್‌ನ ಕೃಷಿ ಕೇಂದ್ರ ಅದನ್ನು ‘ಕಾವ್‌ಸ್ಯುಂಗ್ 1’ ಎಂದು ರೈತರಿಗೆ ಬಿಡುಗಡೆ ಮಾಡಿತು. ಥಾಯ್ಲೆಂಡಿನ ರೈತರಿಗೂ ಅದೇ ವಂಶ ತಲುಪಿತು. ಜಪಾನಿನ ಕೊಳ್ಳುವವರ ಕಟ್ಟುಪಾಡುಗಳು ಆಗ ಹೇಗಿದ್ದವು ಗೊತ್ತೇ? ಅತ್ಯುತ್ತಮ ದರ್ಜೆಗೆ ಸೇರಬೇಕಾದರೆ ಕಾಯಿ ನಾಲ್ಕೂವರೆ ಸೆಂಟಿಮೀಟರಿಗಿಂತ ಉದ್ದವಿರಬೇಕು, ಕಾಯಿಗೆ ಎರಡಾದರೂ ಕಾಳಿರಬೇಕು, ರೋಮ ಬೂದಾಗಿರಬೇಕು, ಅರ್ಧ ಕಿಲೋ ತೂಗಿದರೆ 175ಕ್ಕಿಂತ ಹೆಚ್ಚು ಕಾಯಿ ಇರಕೂಡದು. ಅಂದರೆ ಸರಾಸರಿ ಒಂದು ಕಾಯಿಗೆ ಕನಿಷ್ಠ ಸುಮಾರು 2.9 ಗ್ರಾಂ. ಹೊಲದಲ್ಲಿ ಎಷ್ಟು ಬೆಳೆದರೂ ಈ ಅಳತೆಗೆ ಸಿಗದ ಕಾಯಿ ರಫ್ತಿನ ಲೆಕ್ಕಕ್ಕಿಲ್ಲ. ಹೀಗಾಗಿ ತರಕಾರಿ ಸೋಯಾದಲ್ಲಿ ಒಟ್ಟು ಇಳುವರಿಗಿಂತ ಮಾರಲು ಯೋಗ್ಯವಾದ ಇಳುವರಿಯೇ ನಿಜವಾದ ಇಳುವರಿ. ಇಷ್ಟು ದಪ್ಪ ಕಾಳಿಗೆ ಒಂದು ದಂಡವೂ ಇದೆ: ಬಿತ್ತನೆ ಬೀಜ ಬೇಗ ಪೆಟ್ಟು ತಿನ್ನುತ್ತದೆ, ಸೆಕೆಯಲ್ಲಿ ಬೇಗ ಮೊಳಕೆಶಕ್ತಿ ಕಳೆದುಕೊಳ್ಳುತ್ತದೆ. ಕಾಯಿಯನ್ನು ದೊಡ್ಡದು ಮಾಡಿದವರೇ ಬೀಜವನ್ನು ಕಾಪಾಡುವ ದಾರಿಯನ್ನೂ ಹುಡುಕಬೇಕಾಯಿತು.

ಮಧ್ಯಾಹ್ನ ಎರಡು ಬಟ್ಟಲಲ್ಲಿ ಬೇಯಿಸಿದ ಕಾಯಿ ತಂದಿಟ್ಟರು. ಮೊದಲನೆಯ ಬಟ್ಟಲಿನದು ಸಿಹಿಯಾಗಿತ್ತು, ಮೆತ್ತಗಿತ್ತು, ಚೆನ್ನಾಗಿತ್ತು. ಆ ಸಿಹಿಯಲ್ಲಿ ಒಂದು ಪಾಲು ಕಾಳಿನ ಸಕ್ಕರೆಯದು. ಇನ್ನೊಂದು ಪಾಲು ಬೇಯುವಾಗ ಪಿಷ್ಟ ಒಡೆದು ಹುಟ್ಟಿದ್ದು. ಎರಡನೆಯ ಬಟ್ಟಲಿನ ಮುಚ್ಚಳ ತೆಗೆದಾಗ ಮಾತ್ರ ನಾನು ತಲೆಯೆತ್ತಿ ಸುತ್ತ ನೋಡಿದೆ. ಯಾರೋ ಬಾಸ್ಮತಿ ಅನ್ನ ಬಸಿಯುತ್ತಿದ್ದಾರೆ ಅನ್ನಿಸಿತು! ಅನ್ನ ಎಲ್ಲೂ ಇರಲಿಲ್ಲ. ಆ ಘಮ ಸೋಯಾ ಕಾಯಿಯದೇ.

ವಿಜ್ಞಾನಿ ಬಿಡಿಸಿ ಹೇಳಿದರು. ಜಪಾನಿನ ಯಮಗಾತಾ ಪ್ರಾಂತದ ತ್ಸುರುಓಕಾದಲ್ಲಿ ‘ದಾದಾಚಾಮಾಮೆ’ ಎಂಬ ಹೆಸರಾಂತ ಪರಿಮಳದ ಸೋಯಾ ಇದೆ. ಆ ಬಗೆಯ ಸೋಯಾದ ಘಮಕ್ಕೂ ಬಾಸ್ಮತಿಯ ಘಮಕ್ಕೂ ಕಾರಣ ಒಂದೇ ರಾಸಾಯನಿಕ, ಎರಡು-ಅಸಿಟೈಲ್-ಒಂದು-ಪೈರೊಲೀನ್. ಘಮದ ಭತ್ತದಲ್ಲಿ ಒಂದು ಕಿಣ್ವವನ್ನು ಕಟ್ಟುವ ವಂಶವಾಹಿಯಲ್ಲಿ ಡಿಎನ್‌ಎಯ ಎಂಟು ಅಕ್ಷರ ಬಿಟ್ಟುಹೋಗಿವೆ. ಕಿಣ್ವ ಕೆಲಸ ನಿಲ್ಲಿಸಿದೆ. ಅದು ಕರಗಿಸಬೇಕಾದ ವಸ್ತು ಕರಗದೆ ಉಳಿದು ಪರಿಮಳವಾಗಿ ಮಾರ್ಪಡುತ್ತದೆ. ಥಾಯ್ಲೆಂಡಿನ ಸಂಶೋಧಕರು 2011ರಲ್ಲಿ ‘ಕಾವೊರಿ’ ಎಂಬ ಪರಿಮಳದ ಸೋಯಾದಲ್ಲಿ ಅದಕ್ಕೆ ಸರಿಸಮನಾದ ವಂಶವಾಹಿಯನ್ನು ನೋಡಿದಾಗ ಅಲ್ಲೂ ಎರಡು ಅಕ್ಷರ ಬಿಟ್ಟುಹೋಗಿದ್ದವು. ಸೋಯಾದ ವಂಶಗ್ರಂಥ ಇಡಿಯಾಗಿ ಸುಮಾರು ನೂರು ಕೋಟಿ ಅಕ್ಷರಗಳದ್ದು. ಅದರಲ್ಲಿ ಎರಡು! ಭತ್ತವೂ ಸೋಯಾವೂ ಕವಲೊಡೆದು ಕೋಟ್ಯಂತರ ವರ್ಷಗಳಾಗಿವೆ. ಎರಡರಲ್ಲೂ ಬೇರೆ ಬೇರೆಯಾಗಿ ಅದೇ ವಂಶವಾಹಿಯಲ್ಲಿ ಮುರಿತವಾಯಿತು, ಅದೇ ಘಮ ಹುಟ್ಟಿತು, ಎರಡನ್ನೂ ಯಾರೋ ರೈತರು ಮೂಗಿನಿಂದಲೇ ಗುರುತಿಸಿ ಬೀಜಕ್ಕೆ ಎತ್ತಿಟ್ಟರು. ಇದಕ್ಕಿಂತ ದೊಡ್ಡ ಅಚ್ಚರಿಯನ್ನು ನಾನು ಯಾವ ದೇಶದ ಅರಮನೆಯಲ್ಲೂ ಕಂಡಿಲ್ಲ.

ಸಂಜೆ ಪಿಂಗ್‌ತುಂಗ್ ಕಡೆಗೆ ಪಯಣ. ಹಿಂದೆ ಸಕ್ಕರೆ ಕಂಪನಿಯ ಕಬ್ಬು ನಿಂತಿದ್ದ ವಿಶಾಲ ಜಮೀನುಗಳಲ್ಲಿ ಈಗ ಗೇಣಿಗೆ ಪಡೆದು ತರಕಾರಿ ಸೋಯಾ ಬೆಳೆಯುತ್ತಾರೆ. ಜಪಾನಿಗೆ ಹೋಗುವ ಹೆಪ್ಪುಗಟ್ಟಿಸಿದ ಎಡಮಾಮೆಯಲ್ಲಿ ದೊಡ್ಡ ಪಾಲು ಈ ದಕ್ಷಿಣ ತೈವಾನಿನದು. ಹಸಿರು ಬಂಗಾರ ಎಂದೇ ಇಲ್ಲಿಯವರು ಕರೆಯುತ್ತಾರೆ. ಕೊಯ್ಲು ನಡೆಯುವುದು ರಾತ್ರಿ. ಬಿಸಿಲಿಗೆ ಸಿಕ್ಕಿದರೆ ಕಾಯಿ ಬಿಸಿಯಾಗಿ ಸಕ್ಕರೆ ಇಳಿಯುತ್ತದೆ. ಕತ್ತಲಲ್ಲಿ ದೀಪ ಹೊತ್ತಿಸಿಕೊಂಡು ಮನೆಯಷ್ಟೆತ್ತರದ ಯಂತ್ರಗಳು ಸಾಲಿನ ಮೇಲೆ ಹರಿದುಬರುತ್ತವೆ. ಮುಂಭಾಗದ ಉರುಳೆಯ ಹಲ್ಲುಗಳು ಗಿಡವನ್ನು ಬಾಚಿ ಕಾಯಿಯನ್ನು ಮಾತ್ರ ಬಿಡಿಸಿಕೊಳ್ಳುತ್ತವೆ. ಕೆಲವೇ ಗಂಟೆಗಳಲ್ಲಿ ಕಾಯಿ ಕಾರ್ಖಾನೆ ಸೇರಿ, ತೊಳೆದು, ಬೆಂದು, ಮಂಜುಗಡ್ಡೆಗಿಂತ ತಣ್ಣಗಾಗಿರುತ್ತದೆ.

ಯಂತ್ರ ಹೋದ ಮೇಲೆ ಸಾಲಿನಲ್ಲಿ ಬಗ್ಗಿ ಟಾರ್ಚು ಹಾಕಿ ನೋಡಿದೆ. ನೆಲಕ್ಕೆ ತಾಗಿ ಬಿಟ್ಟ ಕಾಯಿಗಳು ಬಹಳ ಕಡಿಮೆ. ಅದೂ ತಳಿಯ ಗುಣವೇ. ‘ಕಾವ್‌ಸ್ಯುಂಗ್ 9’ರಂಥ ಯಂತ್ರದ ಕೊಯ್ಲಿಗೆ ಒಗ್ಗುವ ತಳಿಗಳಲ್ಲಿ ಮೊದಲ ಕಾಯಿ ನೆಲದಿಂದ ಎತ್ತರದಲ್ಲಿ ಕಟ್ಟುತ್ತದೆ, ಗಿಡ ಬೀಳದೆ ನೆಟ್ಟಗೆ ನಿಲ್ಲುತ್ತದೆ, ಕಾಯಿಗಳೆಲ್ಲ ಒಂದೇ ಸಲಕ್ಕೆ ಬಲಿಯುತ್ತವೆ. ಕೂಲಿಯಾಳು ಸಿಗದ ಕಾಲ ಬಂದಾಗ ಈ ನಾಡಿನ ಸೋಯಾ ಬೇಸಾಯ ಉಳಿದದ್ದರಲ್ಲಿ ಉಕ್ಕಿನ ಯಂತ್ರಕ್ಕೆ ಎಷ್ಟು ಪಾಲೋ, ಬುಡದಿಂದ ನಾಲ್ಕು ಬೆರಳು ಮೇಲಕ್ಕೆ ಸರಿದ ಆ ಕಾಯಿಗೂ ಅಷ್ಟೇ ಪಾಲು ಎಂದು ನನ್ನ ಅನಿಸಿಕೆ.

ಬಾಸ್ಮತಿ ಘಮದ ಕಾಯಿ ತಿಂದ ನಾಲಿಗೆಗೆ ಒಂದು ಚಿಂತೆಯೂ ಹತ್ತಿಕೊಂಡಿತು. ಉದ್ದ, ತೂಕ, ಬಣ್ಣಗಳನ್ನು ಅಳೆಯುವುದು ಸುಲಭ. ರುಚಿಯನ್ನು ಅಳೆಯುವುದು ಕಷ್ಟ. ಸುಲಭವಾಗಿ ಅಳೆಯಬಹುದಾದ್ದನ್ನೇ ಆರಿಸುತ್ತ ಹೋದರೆ ಅಳೆಯದ ಗುಣ ಸದ್ದಿಲ್ಲದೆ ಕಳೆದುಹೋಗಬಹುದು. ಸಿಪ್ಪೆ ಮುಟ್ಟಿದರೆ ಕೈಗೆ ಸೊನೆ ಅಂಟಿ ಮನೆಯೆಲ್ಲ ಹರಡುವ ಅವರೆಯ ಸೊಗಡನ್ನು ಬಲ್ಲ ಬೆಂಗಳೂರು, ಕೋಲಾರ, ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೊಗಡೂ ವಂಶದಿಂದ ಬರುವ ಗುಣ. ಇಳುವರಿಯ ಪಟ್ಟಿಯಲ್ಲಿ ಅದಕ್ಕೊಂದು ಅಂಕಣ ಇರಲೇಬೇಕು. ಶಾನ್‌ಹುವಾದಲ್ಲಿ ಆ ಎರಡನೆಯ ಬಟ್ಟಲು ಇಟ್ಟವರಿಗೆ ಇದು ಗೊತ್ತಿತ್ತು ಎಂಬುದು ನನಗೆ ಸಮಾಧಾನ.

ನಮ್ಮಲ್ಲಿಯೂ ಬೀಜ ಇಲ್ಲದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ‘ಕರುಣೆ’ ಎಂಬ ತರಕಾರಿ ಸೋಯಾ ತಳಿಯನ್ನು ಹೊರತಂದಿದೆ. ರಾಂಚಿಯ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೇಂದ್ರದಿಂದ ‘ಸ್ವರ್ಣ ವಸುಂಧರಾ’ ಬಂದಿದೆ. ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳ ರೈತರಿಗೆ ಸೋಯಾ ಬೇಸಾಯ ಹೊಸದೇನಲ್ಲ. ತುಕ್ಕು ರೋಗ ತಡೆಯುವ ಡಿಎಸ್‌ಬಿ 21 ತಳಿಯನ್ನು ಧಾರವಾಡದ ವಿಶ್ವವಿದ್ಯಾಲಯವೇ ಕೊಟ್ಟಿದೆ. ಆದರೂ ಸೋಯಾ ಬೆಳೆಯುವ ಎಷ್ಟೋ ಮನೆಗಳ ಅಡುಗೆಮನೆಗೆ ಸೋಯಾ ಕಾಲಿಟ್ಟಿಲ್ಲ. ನೂರು ಗ್ರಾಂ ಹಸಿ ಕಾಳಿನಲ್ಲಿ 11-12 ಗ್ರಾಂ ಪ್ರೋಟೀನ್ ಇರುವ ತರಕಾರಿ ಇನ್ನೊಂದು ಸಿಗುವುದು ಅಪರೂಪ. ಬೆಳೆದವರ ಮಕ್ಕಳ ತಟ್ಟೆಗೆ ಅದು ಬೀಳಬೇಡವೇ?

ಮುಂದಿನ ಮುಂಗಾರಿಗೆ ಸೋಯಾ ಬಿತ್ತುವವರಲ್ಲಿ ನನ್ನದೊಂದು ಕೋರಿಕೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಕಾರಿ ಸೋಯಾ ಬೀಜ ಕೇಳಿ ನೋಡಿ. ಹೋದ ವರ್ಷದ ಹಳೆಯ ಬೀಜ ಬೇಡ, ಹೊಸದೇ ಇರಲಿ. ಹೊಲದ ಅಂಚಿನಲ್ಲಿ ಎರಡು ಸಾಲು ಸಾಕು. ಕಾಯಿ ತುಂಬಿ ಇನ್ನೂ ಹಸಿರಾಗಿರುವಾಗಲೇ, ಬಿಸಿಲೇರುವ ಮೊದಲು ಕಿತ್ತು, ಅದೇ ದಿನ ಉಪ್ಪುನೀರಿನಲ್ಲಿ ಚೆನ್ನಾಗಿ ಬೇಯಿಸಿ. ಬೇಯಿಸದೆ ತಿನ್ನಬಾರದು. ಮನೆಮಂದಿಗೆಲ್ಲ ಕೊಟ್ಟ ಮೇಲೆ, ಯಾವ ಗಿಡದ ಕಾಯಿ ಹೆಚ್ಚು ರುಚಿಯಾಗಿತ್ತೋ ಆ ಗಿಡದಲ್ಲಿ ನಾಲ್ಕು ಕಾಯಿಯನ್ನು ಬೀಜಕ್ಕೆ ಒಣಗಲು ಬಿಡಿ.